ಬಸ್ಸು ಹತ್ತದವಳು

"ಸ್ವಲ್ಪ ಓರೆ ಮಾಡಿ... ಗೋಡೆಗೆ ತಾಗ್ತಿದೆ!"

ಶವದ ಪೆಟ್ಟಿಗೆ ಮೆಟ್ಟಿಲಿನ ತಿರುವಿನಲ್ಲಿ ಸಿಕ್ಕಿಕೊಂಡಿತ್ತು. ತಲೆಯ ಕಡೆ ಗಂಡ ಹಿಡಿದಿದ್ದ. ಎಂಥೆಂಥ ಸಂದಿಯಲ್ಲೋ ಬಸ್ಸು ತಿರುಗಿಸಿದವನಿಗೆ ಹೆಂಡತಿಯನ್ನು ಮನೆಯಿಂದ ಹೊರಗೆ ತರುವುದು ಹೇಗೆಂದು ಬಗೆಹರಿಯಲಿಲ್ಲ.

ಅಂತೂ ಬೀದಿಗಿಳಿದಾಗ, ಶವದ ಗಾಡಿ ಕೆಟ್ಟು ನಿಂತಿದೆಯೆಂದು ಸುದ್ದಿ ಬಂತು.

"ನಿಮ್ಮ ಬಸ್ಸು ಇಲ್ಲೇ ಇದೆಯಲ್ಲ ಭಾವ," ಎಂದ ಅವಳ ತಮ್ಮ.

"ಅವಳು ಹತ್ತಲ್ಲ."

"ಸತ್ತ ಮೇಲೂ ಹಟಾನಾ?"

"ಹತ್ತಲ್ಲ ಅಂದೆನಲ್ಲ."

* * *

ಬಡಾವಣೆಗೆ ಬರುತ್ತಿದ್ದ ರೈಲು ರದ್ದಾದಾಗ ಅವನ ಬಸ್ಸಿಗೆ ಸುಗ್ಗಿ. ಬಾಗಿಲಲ್ಲಿ ಜನ ಜೋತುಬೀಳುತ್ತಿದ್ದರು. ಅವಳೋ, ಆಸ್ಪತ್ರೆಯ ಬಟ್ಟೆ ಒಗೆಯುವವಳು, ಜೊತೆಗೆ ರೈಲಿನಲ್ಲಿ ಓಡಾಡುತ್ತಿದ್ದವರನ್ನೆಲ್ಲ ಕಟ್ಟಿಕೊಂಡು ರೈಲು ಮತ್ತೆ ಬಿಡಿ ಎಂದು ಖಾಲಿ ಪ್ಲಾಟ್‌ಫಾರ್ಮಿನಲ್ಲಿ ಧರಣಿ ಕೂತಳು. ರೈಲ್ವೆ ಸಾಹೇಬರದು ಒಂದೇ ಉತ್ತರ: ಪರಿಶೀಲನೆಯಲ್ಲಿದೆ. ಬೀದಿಯವರು ಅವಳಿಗೆ ರೈಲಮ್ಮ ಎಂದು ಹೆಸರಿಟ್ಟರು. ಮೊದಮೊದಲು ಅವನೂ ನಕ್ಕ.

ಒಂದು ದಿನ ರಸ್ತೆ ತಡೆ. ಅವನ ಬಸ್ಸಿನ ಮುಂದೆಯೇ ಅವಳು ಕೂತಿದ್ದಳು.

"ಏಳೇ! ನೀನು ತಿನ್ನೋ ತುತ್ತು ಈ ಬಸ್ಸಿಂದಾನೇ ಬರೋದು!"

ಬಸ್ಸಿನಲ್ಲಿದ್ದವರು ಗೊಳ್ಳೆಂದು ನಕ್ಕರು. ಅವಳು ಎದ್ದು, ಮಣ್ಣು ಕೊಡವಿಕೊಂಡು, ದಾರಿ ಬಿಟ್ಟಳು.

ಆಮೇಲೆ ಅವನ ಬಸ್ಸಿಗೆ ಕಾಲಿಡಲಿಲ್ಲ. ಆಸ್ಪತ್ರೆಗೆ ನಡೆದೇ ಹೋದಳು. ಸೇತುವೆಯ ಹತ್ತಿರ ಸಿಕ್ಕಾಗಲೆಲ್ಲ ಅವನು ನಿಧಾನ ಮಾಡಿ, "ಬಾರೇ, ಕಾಲು ನೋಯುತ್ತೆ," ಎನ್ನುತ್ತಿದ್ದ. ಅವಳು ಮುಂದೆ ಹೋಗೆಂದು ಕೈ ಬೀಸುತ್ತಿದ್ದಳು. ಮನೆಯಲ್ಲಿ ಊಟವಿತ್ತು, ಮಾತಿತ್ತು. ಅಂದು ರಸ್ತೆಯಲ್ಲಿ ಅವನಾಡಿದ ಆ ಒಂದು ಮಾತನ್ನು ಮಾತ್ರ ಇಬ್ಬರೂ ಎತ್ತಲಿಲ್ಲ.

ನಿನ್ನೆ ಬಸ್ಸು ಕಿಕ್ಕಿರಿದಿತ್ತು. ಅವನು ನಿಧಾನ ಮಾಡಲಿಲ್ಲ. ಸೇತುವೆ ದಾಟಿ ಸ್ವಲ್ಪ ದೂರದಲ್ಲೇ ಅವಳು ಎದೆ ಹಿಡಿದುಕೊಂಡು ಕುಸಿದಳಂತೆ.

* * *

"ಹಳಿ ಮೇಲೆ ಹೋಗೋಣ ಅಣ್ಣ," ಎಂದಳು ಅವಳ ಜೊತೆ ಬಟ್ಟೆ ಒಗೆಯುತ್ತಿದ್ದ ಗೆಳತಿ. "ಸ್ಮಶಾನಕ್ಕೆ ಅದೇ ಹತ್ತಿರ. ಇವತ್ತು ಗೂಡ್ಸ್ ಗಾಡೀನೂ ಇಲ್ಲ. ಗೇಟಿನವರನ್ನ ಕೇಳಿದೀನಿ."

ಅವನು ಮುಂದೆ ಹೆಗಲು ಕೊಟ್ಟ. ಹಳಿಯ ಕೆಳಗಿನ ದಿಮ್ಮಿಗಳು ಅವನ ನಡಿಗೆಗೆ ಹೊಂದಲಿಲ್ಲ, ಎಡವಿದ.

"ಚಿಕ್ಕ ಹೆಜ್ಜೆ ಇಡಿ. ಅಕ್ಕ ಹಂಗೇ ನಡೀತಿದ್ರು."

"ದಿನಾ ಇಲ್ಲೇನಾ?"

"ಸೇತುವೆವರೆಗೂ ಇಲ್ಲೇ. ದೂರದಲ್ಲಿ ನಿಮ್ಮ ಬಸ್ಸು ಕಂಡ್ರೆ, 'ಪಾಪ, ಇನ್ನೂ ಊಟ ಆಗಿರಲ್ಲ ಇವರಿಗೆ' ಅಂತಿದ್ರು."

ಹೆಗಲು ಬದಲಿಸಲು ಅವಳ ತಮ್ಮ ಬಂದರೂ ಅವನು ಬಿಡಲಿಲ್ಲ.

ರಸ್ತೆಗೆ ಅಡ್ಡ ಗೇಟು ಹಾಕಿತ್ತು. ಎರಡೂ ಕಡೆ ಬಸ್ಸುಗಳು ಸಾಲುಗಟ್ಟಿ ಬೊಬ್ಬೆ ಹಾಕುತ್ತಿದ್ದವು. "ರೈಲೇ ಇಲ್ಲ, ಗೇಟ್ ಯಾಕಯ್ಯಾ?" ಎಂದು ಮೊದಲ ಬಸ್ಸಿನ ಡ್ರೈವರ್ ಕಿಟಕಿಯಿಂದ ತಲೆ ಹೊರಹಾಕಿ ಕೂಗಿದ. ಪೆಟ್ಟಿಗೆಯ ಮುಂದೆ ಬರುತ್ತಿದ್ದವನ ಗುರುತು ಹತ್ತಿದ್ದೇ ಬಾಯಿ ಮುಚ್ಚಿ ಇಂಜಿನ್ ಆರಿಸಿದ. ಹಿಂದಿನವನೂ ಆರಿಸಿದ. ಅದರ ಹಿಂದಿನವನೂ.

ಜಲ್ಲಿಕಲ್ಲಿನ ಮೇಲೆ ಹೆಜ್ಜೆಗಳ ಕರಕರ ಸದ್ದು ಕೇಳಿಸತೊಡಗಿತು.