ಮೂರನೇ ಸಂತೆಯ ಸೂಜಿ

ಹರಪನಹಳ್ಳಿಯ ಸರ್ಕಾರಿ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಹಾಕುವ ನರ್ಸ್ ನಾನು, ಪುಷ್ಪಲತಾ. ಇಪ್ಪತ್ತೊಂದು, ಇಪ್ಪತ್ತೊಂದು ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗಿಹೋದ ಕಥೆ ಇದು. 1998ರ ಮಾತು.

ತೆಲಿಗಿಯ ಚೌಡಣ್ಣ ಕುರಿ ಸಾಕುವವನು. ಅವನ ಮಗಳು ಶೃತಿಗೆ ಹತ್ತು ವರ್ಷ. ಹಿಂದಿನ ವರ್ಷ ಅವಳಿಗೆ ಗಂಟಲು ನೋವು, ಜ್ವರ ಬಂತು. ಮನೆಯಲ್ಲಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಎರಡು ಮೂರು ವಾರ ಕಳೆದು ಮತ್ತೆ ಜ್ವರ. ಇವತ್ತು ಮೊಣಕಾಲು ಊದಿದರೆ ನಾಳೆ ಮೊಣಕೈ. ದಾವಣಗೆರೆಯ ಡಾಕ್ಟರು ಪರೀಕ್ಷೆ ಮಾಡಿ, ಹೃದಯದ ಒಂದು ಕವಾಟಕ್ಕೆ ಪೆಟ್ಟಾಗಿದೆ, ಗಂಟಲು ನೋವಿನಿಂದ ಶುರುವಾದ ಈ ಜ್ವರ ಮರುಕಳಿಸಿದರೆ ಕವಾಟ ಪೂರ್ತಿ ಕೆಡುತ್ತದೆ ಎಂದರು. ಅದನ್ನು ತಡೆಯಲು ಇಪ್ಪತ್ತೊಂದು ದಿನಕ್ಕೊಂದು ಪೆನ್ಸಿಲಿನ್ ಇಂಜೆಕ್ಷನ್ ಬರೆದುಕೊಟ್ಟರು. ಹಾಕುವ ಕೆಲಸ ನನ್ನ ಪಾಲಿಗೆ ಬಂತು.

ಪ್ರತಿ ಸಲವೂ ಅವರು ತಡ. ಪ್ರತಿ ಸಲವೂ ನಾನು ಬೈಯುವುದು, ಚೌಡಣ್ಣ ತಲೆಯಾಡಿಸುವುದು. ಒಂದು ದಿನ ಅವನು ಮಗಳನ್ನು ಹೊತ್ತುಕೊಂಡೇ ಬಂದ. ಜೊತೆಗೆ ಅವನ ತಾಯಿ ತಿಪ್ಪೇರುದ್ರಮ್ಮ. ಶೃತಿಯ ಮೊಣಕಾಲು ಊದಿತ್ತು. ಬೆಂಚಿನ ಮೇಲೆ ಸುಮ್ಮನೆ ಕೂತರೂ ಏದುಸಿರು. ಕಾರ್ಡು ನೋಡಿದೆ. ಹಿಂದಿನ ಇಂಜೆಕ್ಷನ್ ಹಾಕಿ ಮೂವತ್ತು ದಿನವಾಗಿತ್ತು. ನನಗೆ ಮೈಯೆಲ್ಲ ಉರಿಯಿತು.

"ಚೌಡಣ್ಣ, ನಾನು ಎಷ್ಟು ದಿನಕ್ಕ ಬರ್ರಿ ಅಂತ ಹೇಳಿದ್ದೆ?"

"ತಪ್ಪಿಸಿಲ್ರಿ ನರ್ಸಮ್ಮ. ಪ್ರತಿ ಅಮಾಸಿಗೂ ದೇವ್ರಿಗೆ ಹೋಗಿ, ಮರುದಿನ ಇಲ್ಲಿಗೆ ಬಂದೀವಿ."

"ಅಮಾಸಿ ಲೆಕ್ಕ ಯಾರು ಹೇಳಿದ್ರು ನಿಮಗೆ?"

ಚೌಡಣ್ಣ ಬಾಯಿ ತೆರೆಯುವ ಮೊದಲೇ ಅಜ್ಜಿ ನಡುವೆ ಮಾತು ಹಾಕಿದಳು. "ನೀ ಸೂಜಿ ಚುಚ್ಚಿದ ಮ್ಯಾಲ ಕೂಸು ಎರಡು ದಿನ ಕುಂಟ್ತೈತಿ. ಚಲೋ ಇದ್ದಾಗ ಸೂಜಿ ಯಾಕ ಬೇಕವ್ವಾ? ನೋವು ಬಂದ್ರ ಎಣ್ಣಿ ತಿಕ್ಕಿದ್ರಾತು."

"ಅಜ್ಜಿ, ಮಳಿಗಾಲದ ಮುಂಚೆ ನಿಮ್ಮ ಕುರಿಗೆ ಸೂಜಿ ಹಾಕಿಸ್ತೀರಲ್ಲ, ಆವಾಗ ಅವಕ್ಕ ಬ್ಯಾನಿ ಇರ್ತೈತೇನು?"

"ಬ್ಯಾನಿ ಬಂದ ಮ್ಯಾಲ ಹಾಕಿಸಿದ್ರ ಕುರಿ ಉಳೀತಾವೇನು?" ಅಜ್ಜಿ ನನ್ನನ್ನೇ ಗದರಿದಳು.

"ಮತ್ತ ಮೊಮ್ಮಗಳಿಗೆ ಯಾಕ ಬ್ಯಾಡ?"

ಅಜ್ಜಿ ಶೃತಿಯ ಎದೆಯ ಮೇಲೆ ಕೈಯಿಟ್ಟಳು. ಚೌಡಣ್ಣ ಮೆಲ್ಲಗೆ ಹೇಳಿದ: "ನಾನು ಕುರಿ ಹಿಂದ ಅಡವ್ಯಾಗ ಇರ್ತೀನ್ರಿ. ಇಪ್ಪತ್ತೊಂದು ದಿನ ಯಾರು ಎಣಿಸಬೇಕು? ಅಮಾಸಿ ಆದ್ರ ನೆನಪಿರ್ತೈತಿ."

ಒಂದು ವರ್ಷ ಅರಚಿದ್ದೆ. ಅವರು ದಿನ ಎಣಿಸುವುದು ಹೇಗೆ ಎಂದು ಒಮ್ಮೆಯೂ ಕೇಳಿರಲಿಲ್ಲ. ಈಗ ನನ್ನ ಮೇಲೇ ಸಿಟ್ಟು ಬಂತು.

"ಅಜ್ಜಿ, ನೀವು ವಾರ ವಾರ ಇಲ್ಲಿ ಸಂತಿಗೆ ಬರ್ತೀರೇನು?"

"ಎಲಿ ಅಡಿಕಿ ಬ್ಯಾಡೇನು ನನಗ? ಒಂದು ಸಂತೀನೂ ಬಿಟ್ಟಿಲ್ಲ."

"ಹಂಗಾದ್ರ ಮೂರನೇ ಸಂತಿಗೊಮ್ಮೆ ಶೃತೀನ ಕರ್ಕೊಂಡು ಬರ್ರಿ. ಮೂರು ಸಂತಿ ಅಂದ್ರ ಇಪ್ಪತ್ತೊಂದು ದಿನ."

ಅಜ್ಜಿ ಬೆರಳು ಮಡಚಿ ನೋಡಿದಳು. "ಇಷ್ಟೇ ಏನು? ಮೊದಲೇ ಹೇಳಾಕ ನಿನಗೇನಾಗಿತ್ತು?"

ಜ್ವರ ಮರುಕಳಿಸಿದೆ ಎಂದು ಅಂದೇ ಕಳಿಸಿದ ಮೇಲೆ ಶೃತಿ ಹತ್ತು ದಿನ ದಾವಣಗೆರೆಯ ಆಸ್ಪತ್ರೆಯಲ್ಲಿ ಮಲಗಿದಳು. ಕವಾಟ ಇನ್ನಷ್ಟು ಕೆಟ್ಟಿದೆ. ಮೊದಲಿನಂತೆ ಓಡಲಾರಳು. ಅದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. ಆದರೆ ಆಮೇಲೆ ಈ ಒಂದೂವರೆ ವರ್ಷದಲ್ಲಿ ಆ ಜ್ವರ ಮತ್ತೆ ಬಂದಿಲ್ಲ. ಅಜ್ಜಿ ಸಂತೆಗೊಂದರಂತೆ ತನ್ನ ಎಲೆ ಅಡಿಕೆ ಸಂಚಿಯ ದಾರಕ್ಕೆ ಗಂಟು ಹಾಕುತ್ತಾಳೆ. ಮೂರನೇ ಗಂಟಿನ ದಿನ ನನಗಿಂತ ಮೊದಲೇ ಬಾಗಿಲಲ್ಲಿ ನಿಂತಿರುತ್ತಾಳೆ. "ಲಗೂನ ಹಾಕವ್ವಾ, ಗಂಟು ಬಿಚ್ಚಬೇಕು" ಎಂದು ನನ್ನನ್ನೇ ಅವಸರಪಡಿಸುತ್ತಾಳೆ.

ತಾಯಂದಿರೇ, ಅಪ್ಪಂದಿರೇ, ಮಕ್ಕಳಿಗೆ ಜ್ವರದ ಜೊತೆ ಗಂಟಲು ನೋವು ಬಂದರೆ ಡಾಕ್ಟರಿಗೆ ತೋರಿಸಿ. ಕೀಲು ಊದಿದರೆ ಎಣ್ಣೆ ತಿಕ್ಕುತ್ತ ಕೂರಬೇಡಿ. ಏದುಸಿರು ಬಂದರೆ, ಪಾದ ಊದಿದರೆ ಅಂದೇ ಆಸ್ಪತ್ರೆಗೆ ಬನ್ನಿ. ಇಂಜೆಕ್ಷನ್ ಬರೆದುಕೊಟ್ಟಿದ್ದರೆ ಆಸ್ಪತ್ರೆಯಲ್ಲೇ ಹಾಕಿಸಿ. ಮಗು ಚೆನ್ನಾಗಿದೆ ಎಂದು ನೀವಾಗಿ ನಿಲ್ಲಿಸಬೇಡಿ, ಡಾಕ್ಟರು ಹೇಳುವವರೆಗೂ ವರ್ಷಗಟ್ಟಲೆ ಹಾಕಿಸಬೇಕು. ಅಂಥ ಮಗು ನಿಮ್ಮ ಮನೆಯಲ್ಲಿದ್ದರೆ ಈ ಹಾಳೆ ಕೆಳಗಿಡುವ ಮುಂಚೆ ಬೆರಳು ಮಡಚಿ: ಹಿಂದಿನ ಸೂಜಿ ಹಾಕಿಸಿ ಎಷ್ಟು ಸಂತೆ ಆಯಿತು?