ನಾರು ಸುತ್ತಿದ ಉಂಡೆ

ನಾಯಿ ಉಂಡೆ ಕಚ್ಚಿದ ಸದ್ದಿಗೆ ಸೂರಿನ ಹೆಂಚು ಅದುರಿತು. ನಾನು ಅಂಗಳಕ್ಕೆ ಬರುವಷ್ಟರಲ್ಲಿ ಅದಕ್ಕೆ ಕೆಳದವಡೆ ಇರಲಿಲ್ಲ; ಮುಂಗಾಲಿನಿಂದ ನೆಲ ಕೆರೆಯುತ್ತಲೇ ಇತ್ತು. ಅಪ್ಪ ಸೌದೆ ಎತ್ತಿಕೊಂಡು ನೇರ ಚಿಕ್ಕಪ್ಪನ ಮೇಲೆ ಬಿದ್ದ.

ಚಿಕ್ಕಪ್ಪ ಪುಟ್ಟಮಾದಪ್ಪ ಕಾಡಂಚಿನಲ್ಲಿ ಹಂದಿಗೆ ಸಿಡಿಮದ್ದಿನ ಉಂಡೆ ಇಡುತ್ತಾನೆಂಬುದು ನಮ್ಮೂರು ಹೂಗ್ಯಂಗೆಲ್ಲ ಗೊತ್ತು. ಮನೆಯೊಳಗೇ ಇಟ್ಟುಕೊಂಡಿದ್ದಾನೆಂಬುದು ನಮಗೆ ಗೊತ್ತಿರಲಿಲ್ಲ.

"ಮಿಕ್ಕಿದ್ದು ಎಲ್ಲಿ ಮಡಗಿದ್ದೀಯೆ, ಬೊಗಳ್ಲಾ."

"ಅವ್ವನ ಉಣಸೆ ಉಂಡೆ ಬುಟ್ಟೀಲಿ, ಅಣ್ಣ."

"ಉಂಡೆ ಜೊತೇಲಿ ಉಂಡೆ. ಬಾಳ ಬುದ್ವಂತ ಕಣಪ್ಪ." ಮತ್ತೊಂದು ಏಟಿಗೆ ಚಿಕ್ಕಪ್ಪನ ಹಲ್ಲು ಜಗಲಿಯ ಮೇಲೆ ಬಿತ್ತು.

ಅಜ್ಜಿ ದೊಡ್ಡಮಾದಮ್ಮ ಮಕ್ಕಳಿಬ್ಬರ ನಡುವೆ ನುಗ್ಗಿ ಒಂದೇಟು ತಾನೂ ತಿಂದಳು. "ಬುಡ್ಲಾ ಶಿವಯ್ಯ, ಸತ್ತೋಯ್ತನೆ. ಒಂದೊಂದನ್ನೂ ನಾನೇ ಅಮುಕಿ ನೋಡ್ತೀನಿ. ಮೆತ್ತಗಿದ್ರೆ ನಂದು."

ಅವಳು ಬುಟ್ಟಿಗೆ ಕೈ ಹಾಕುವ ಮೊದಲೇ ಅವಳ ಮಣಿಕಟ್ಟು ಹಿಡಿದೆ. ಅಪ್ಪನೆದುರು ಬಾಯಿ ಬಿಡದ ನಾನು ಅಷ್ಟು ಗಟ್ಟಿಯಾಗಿ ಹಿಡಿದಿದ್ದು ನನಗೇ ಆಶ್ಚರ್ಯ.

ಅದು ಎಪ್ಪತ್ತಾರರ ಬೇಸಿಗೆ ರಜೆ. ಡಿಗ್ರಿ ಮುಗಿಸಿ ಬೆಂಗಳೂರಿನಲ್ಲಿ ಲಿಸ್ಪ್ ಎಂಬ ಕಂಪ್ಯೂಟರ್ ಭಾಷೆ ಕಲಿಯುತ್ತಿದ್ದೆ. ಕೈಗೆ ಬಂದದ್ದು ಯಾವ ಬಗೆಯದೆಂದು ಮೊದಲು ಕೇಳಿ, ಆಮೇಲೆ ಬಿಚ್ಚಿ, ಎನ್ನುತ್ತಿದ್ದರು ಮೇಷ್ಟ್ರು. ಒಂದೊಂದು ಬಗೆಗೂ ಒಂದೊಂದು ದಾರಿ ಬರೆಯಿರಿ. ಯಾವುದಕ್ಕೂ ಹೊಂದದೆ ಹೋದರೆ ನಿಲ್ಲಿಸಿಬಿಡುವ ದಾರಿ ಕೊನೆಯಲ್ಲಿರಲಿ. ಅಜ್ಜಿ ಮೊದಲು ಬಿಚ್ಚಿ ಆಮೇಲೆ ಕೇಳಲು ಹೊರಟಿದ್ದಳು.

ಮುಟ್ಟದೆ ಬಗ್ಗಿ ನೋಡಿದೆ. ಎಲ್ಲವೂ ಮುತ್ತುಗದೆಲೆಯಲ್ಲಿ ಕಟ್ಟಿದ್ದವು. ಕೆಲವಕ್ಕೆ ನೂಲಿನ ದಾರ, ಕೆಲವಕ್ಕೆ ಬಾಳೆನಾರು.

"ದಾರದ್ದು ನಂದು," ಅಂದ ಚಿಕ್ಕಪ್ಪ. ಅಪ್ಪ ಅವನ ಕೈಯಲ್ಲೇ ಅವನ್ನು ಆರಿಸಿ ಎಮ್ಮೆಹೊಂಡಕ್ಕೆ ಹಾಕಿಸಿದ. ಅವನ ಬಾಯಿಯ ರಕ್ತ ಎಲೆಗಳ ಮೇಲೆ ತೊಟ್ಟಿಕ್ಕುತ್ತಿತ್ತು.

"ಇನ್ನ ನಾರಿಂದೆಲ್ಲ ನಂದೇಯ," ಅಜ್ಜಿ ಬುಟ್ಟಿ ಎಳೆದುಕೊಂಡಳು.

ಕಟ್ಟು ನೋಡಿದ್ದಾಯಿತು. ಕಟ್ಟು ಸುಳ್ಳಾಗಿದ್ದರೆ? "ಚಿಕ್ಕಪ್ಪ, ನಾರು ಸುತ್ತಿದ್ರಲ್ಲಿ ನಿಂದು ಒಂದೂ ಇಲ್ವಾ?"

ಅವನು ಅಜ್ಜಿಯ ಕೈ ನೋಡಿದ.

"ದಾರ ಮುಗ್ದೋಗಿತ್ತು ಕಣ್ ಕೂಸು. ಯಾವ್ದಕ್ ಸುತ್ತುದ್ನೋ ಗೊತ್ತಾಯ್ತಿಲ್ಲ."

"ಅಂಗಾರೆ ಎಲ್ಲಾನೂ ಸುಡ್ಬೇಕು ಅಪ್ಪ."

"ಒಂದ್ ವರ್ಸದ ಉಣಸೆ ಕಣೇ," ಅಜ್ಜಿ ನನ್ನ ಕೆನ್ನೆಗೆ ಬಾರಿಸಿದಳು. "ಓದ್ಕಂಡ್ ಬಂದು ಮನೆ ತೊಳೀತೀಯಾ? ತಮ್ಮುನ್ ಮೇಲಿನ್ ಸಿಟ್ಟಿಗೆ ನಿಮ್ಮಪ್ಪ ಬಡೀತವ್ನೆ, ನಿಂಗೇನ್ ಬಂದದೆ?"

ಅಪ್ಪ ಬುಟ್ಟಿ ಕಿತ್ತು ಚಿಕ್ಕಪ್ಪನ ತಲೆಗೆ ಹೊರಿಸಿ ಹೊಲಕ್ಕೆ ಒಯ್ಯಿಸಿ ಗುಂಡಿಯಲ್ಲಿ ಇಡಿಸಿದ. ಮೇಲೆ ಹುಲ್ಲು ಸುರಿದು ಬೆಂಕಿ ಇಟ್ಟು ಎಲ್ಲರೂ ಬದುವಿನ ಹಿಂದೆ ಕೂತೆವು. ಮೊದಲು ಹುಣಸೆ ಸುಟ್ಟ ಹುಳಿವಾಸನೆಯಷ್ಟೇ ಬಂತು. ಅಜ್ಜಿ ಗೊಣಗುತ್ತ, ಚಿಕ್ಕಪ್ಪನಿಗೆ ಅಡ್ಡವಾಗಿ ಕೂತು, ಅವನ ಬಾಯಿಯನ್ನು ಸೆರಗಿನಿಂದ ಒರೆಸುತ್ತಿದ್ದಳು.

ಆಮೇಲೆ ಗುಂಡಿ ಸಿಡಿಯಿತು. ಮಣ್ಣು, ಕೆಂಡ, ಹುಣಸೆಬೀಜ ನಮ್ಮ ಮೇಲೆಲ್ಲ ಸುರಿದವು.

ಅಜ್ಜಿ ಸೆರಗು ಬಿಟ್ಟಳು. ತನ್ನ ಎರಡು ಅಂಗೈಗಳನ್ನೂ ತಿರುಗಿಸಿ ತಿರುಗಿಸಿ ನೋಡಿಕೊಂಡಳು. ನಂತರ ಚಿಕ್ಕಪ್ಪನ ಮುಂದಿನಿಂದ ಎದ್ದು ಪಕ್ಕಕ್ಕೆ ಸರಿದಳು.

"ಈಗ ಒಡಿ, ಶಿವಯ್ಯ."

ಅಪ್ಪ ಹೊಡೆದ. ಯಾರೂ ಬಿಡಿಸಲಿಲ್ಲ, ನಾನೂ.