ಪಟ್ಟಿಯ ಮೊದಲ ಹೆಸರು

ಕೂಟವೆಂದರೆ ಕೂಡಿ ಕೂರುವುದು ಎಂದು ನಿಘಂಟು ಹೇಳಬಹುದು. ದಕ್ಷಿಣ ಕ್ಯಾಲಿಫೋರ್ನಿಯಾದ ಕನ್ನಡ ಕೂಟದಲ್ಲಿ ಮಾತ್ರ ಕೂತವರಿಗಿಂತ ಕೂಗಿದವರೇ ಹೆಚ್ಚು. ಲಾಸ್ ಏಂಜಲೀಸಿನವರ ತಲೆಗಳು ಹೆಚ್ಚು, ಆದ್ದರಿಂದ ಪ್ರತಿ ಚುನಾವಣೆಯಲ್ಲೂ ಎಲ್ಲ ಕುರ್ಚಿಗಳೂ ಅವರವೇ. ಸ್ಯಾನ್ ಡಿಯಾಗೋದವರು ಟ್ರಾಫಿಕ್‌ನಲ್ಲಿ ನೆಂದು ಬೆಂದು ರಾಜ್ಯೋತ್ಸವಕ್ಕೆ ತಲುಪುವ ಹೊತ್ತಿಗೆ ಬಿಸಿಬೇಳೆ ಭಾತಿನ ತಳ ಕೆರೆಯುವ ಸದ್ದಷ್ಟೇ ಅವರ ಪಾಲಿಗೆ.

ಇದಕ್ಕೆ 2005ರಲ್ಲಿ ಮದ್ದರೆದವರು ಸ್ಯಾನ್ ಡಿಯಾಗೋದ ಲಾ ಹೋಯಾದಲ್ಲಿ ರಾಜ್ಯಶಾಸ್ತ್ರ ಕಲಿಸುವ ಪ್ರೊಫೆಸರ್ ಜಯಂತ. ಕೂಟಕ್ಕೊಂದು ಪುಟ್ಟ ಸಂಸತ್ತು, ಊರಿಗೊಂದು ಪಟ್ಟಿ. ಮತ ಮನುಷ್ಯನಿಗಲ್ಲ, ಪಟ್ಟಿಗೆ. ಮತದಲ್ಲಿ ಎಷ್ಟು ಪಾಲೋ ಕುರ್ಚಿಯಲ್ಲೂ ಅಷ್ಟೇ ಪಾಲು. ಒಮ್ಮೆ ಪ್ರಕಟಿಸಿದ ಪಟ್ಟಿಯನ್ನು ಬ್ರಹ್ಮ ಬಂದರೂ ತಿದ್ದುವಂತಿಲ್ಲ. ಅನುಪಾತವೋ ಅಧಃಪಾತವೋ ನೋಡೇಬಿಡೋಣ ಎಂದು ಎಲ್ಲರೂ ಒಪ್ಪಿದರು.

ಸ್ಯಾನ್ ಡಿಯಾಗೋ ಪಟ್ಟಿಯ ಮೊದಲ ಹೆಸರು ಗುರುಬಸಪ್ಪ. ಹುಬ್ಬಳ್ಳಿಯವರು, ಸಾಗರ ಸಂಶೋಧನಾ ಸಂಸ್ಥೆಯಲ್ಲಿ ದುಡಿದು ನಿವೃತ್ತರಾದವರು, ಊರಿನ ಕನ್ನಡದವರಿಗೆಲ್ಲ ಹಿರಿಯಣ್ಣ. ಎರಡನೆಯ ಹೆಸರು ಮೈಸೂರಿನ ಶಫಿ. ಹಗಲಲ್ಲಿ ಟೆಲಿಕಾಂ ಎಂಜಿನಿಯರ್, ಯುಗಾದಿಯ ವೇದಿಕೆ ಹತ್ತಿದರೆ ಮಿಮಿಕ್ರಿ ಮಾಂತ್ರಿಕ. ಮಂತ್ರಿಗಳಿಂದ ಹಿಡಿದು ಮಿಕ್ಸಿಯವರೆಗೆ ಅವನ ಗಂಟಲಲ್ಲಿ ಸಿಗದ ಸದ್ದಿರಲಿಲ್ಲ. ಗುರುಬಸಪ್ಪನವರ ದನಿಯನ್ನು ಮಾತ್ರ ಅವನು ವೇದಿಕೆಗೆ ತಂದವನಲ್ಲ. ಅದು ಅವರಿಬ್ಬರ ನಡುವಿನ ಆಟ.

ಚುನಾವಣೆ ಹತ್ತಿರವಾದಾಗ ಗುರುಬಸಪ್ಪ ಹಾಸಿಗೆ ಹಿಡಿದರು. ಮೊದಲು ಹೋದದ್ದು ದನಿ. ಒಂದು ಸಂಜೆ ಶಫಿಯನ್ನು ಕರೆದು ತಮ್ಮ ಸೆಲ್ ಫೋನನ್ನು ಅವನ ಅಂಗೈಗಿಟ್ಟು ಪಿಸುಗುಟ್ಟಿದರು.

"ಮನಿಮನಿಗೆ ಫೋನ್ ಮಾಡು. ನನ್ನ ದನಿಯಾಗ."

"ಅಂಕಲ್, ನಾನೇ ಮಾತಾಡಿದ್ರೆ ಸಾಲ್ದಾ?"

"ನಿನ್ನ ಮಾತು ಕೇಳಿ ಮಂದಿ ನಗ್ತಾರಲೇ, ಓಟು ಹಾಕಂಗಿಲ್ಲ. ನನ್ನ ಮಾತಿಗೆ ಹಾಕ್ತಾರ. ಮನ್ಯಾಗ ಅನ್ನಪೂರ್ಣಾಗ ಹೇಳಬ್ಯಾಡ ಮತ್ತ. ಆಕಿಗೆ ಸುಳ್ಳು ಅಂದ್ರ ಆಗಂಗಿಲ್ಲ."

ಶಫಿ ಅಲ್ಲೇ ಒಂದು ಸ್ಯಾಂಪಲ್ ಕೊಟ್ಟ. ಮುದುಕರು ದನಿಯಿಲ್ಲದೆ ನಕ್ಕು ನಕ್ಕು ಕಣ್ಣೊರೆಸಿಕೊಂಡರು.

ಶನಿವಾರ ಸೆಲ್ ಫೋನಿನ ಮಾತಿಗೆ ಕಾಸಿಲ್ಲ, ಫ್ರೀ. ಶಫಿ ಮಧ್ಯಾಹ್ನದ ಊಟ ಮುಗಿಸಿ ಮಹಡಿಯ ಕೋಣೆ ಸೇರಿದ. ಒಬ್ಬರಾದ ಮೇಲೊಬ್ಬರಿಗೆ ಫೋನಾಯಿಸುತ್ತ ಹೋದ. ಫೋರ್ ಎಸ್ ರ‍್ಯಾಂಚ್ ಬಡಾವಣೆಯ ಶ್ರೀಕರ್ ಜತೆ ಮಾತಾಡುತ್ತಿದ್ದಾಗ ಹೆಂಡತಿ ನಿಗಾರ್ ಬಾಗಿಲಲ್ಲಿ ಬಂದು ನಿಂತಳು. ಅವನು ಸುಮ್ಮನಿರು ಎಂದು ಕೈಸನ್ನೆ ಮಾಡಿ ಮುಂದುವರಿಸಿದ: "ನನಗೇನಾಗೇತಿ? ನಾ ಇನ್ನೂ ಗಟ್ಟಿ ಅದೀನಿ! ನೀ ಓಟು ಹಾಕು, ಸಾಕು."

ಅವನು ಫೋನಿಟ್ಟ ಮೇಲೆ ಅವಳು ಒಳಗೆ ಬಂದಳು.

"ರೀ, ಗುರುಬಸಪ್ಪ ಅಂಕಲ್ ಹೋಗ್ಬಿಟ್ರಂತೆ. ಮಧ್ಯಾಹ್ನಾನೇ."

ಮಣ್ಣು ಮಾಡುವ ದಿನ ಸ್ಮಶಾನದ ಹಸಿರು ಹುಲ್ಲಿನ ಮೇಲೆ ಗುಸುಗುಸು ಹಬ್ಬಿತು. "ನಂಗೆ ಫೋನ್ ಮಾಡಿದ್ರು ಕಣ್ರೀ, ಅವರು ಹೋದ ಮೇಲೆ," ಎಂದ ಶ್ರೀಕರ್, ಮುಖ ಬಿಳಿಚಿಕೊಂಡು. "ನಮಗೂ ಬಂತು," ಎಂದಳು ಪಟ್ಟಿಯ ಮೂರನೆಯವಳಾದ ಅರುಂಧತಿ, "ಗಟ್ಟಿಯಾಗಿದೀನಿ ಅಂದ್ರು."

"ಶಫಿದೇನಾದ್ರೂ ಮಿಮಿಕ್ರಿನಾ?" ಎಂದು ಯಾರೋ ಕೇಳಿದರು.

"ಥೂ, ಸತ್ತವರ ದನೀಲಿ ಆಟ ಆಡೋಷ್ಟು ಕೀಳಲ್ಲ ಅವನು," ಎಂದ ಶ್ರೀಕರ್. "ಅಲ್ದೆ ನಂಬರೂ ಅವರದೇ ಬಂದಿದೆ."

ಅಲ್ಲಿಗೆ ಶಫಿಯ ಬಾಯಿಗೂ ಮಣ್ಣು ಬಿತ್ತು.

ಆ ವಾರವೆಲ್ಲ ಜನ ಸತ್ತವರ ನಂಬರಿಗೆ ತಿರುಗಿ ಕರೆ ಮಾಡಿದರು. ಯಾಕೆಂದು ಅವರಿಗೂ ಗೊತ್ತಿರಲಿಕ್ಕಿಲ್ಲ. ಶಫಿ ಫೋನನ್ನು ಕಾರಿನ ಡ್ಯಾಶ್‌ಬೋರ್ಡಿನೊಳಗೆ ಮುಚ್ಚಿಟ್ಟಿದ್ದ. ಆಫೀಸಿಗೆ ಹೋಗುವಾಗ ಅದು ಒಳಗೇ ಗುರುಗುಟ್ಟುತ್ತಿತ್ತು. ಬ್ಯಾಟರಿ ಸತ್ತ ಮೇಲೂ ಗುರುಗುಟ್ಟಿದಂತೆ ಕೇಳಿ ಅವನು ಫ್ರೀವೇಯ ಅಂಚಿಗೆ ಕಾರು ನಿಲ್ಲಿಸಿದ್ದುಂಟು.

ಮತದಾನಕ್ಕೆ ಸ್ಯಾನ್ ಡಿಯಾಗೋ ಮೈಮುರಿದೆದ್ದು ಬಂತು. ಸೋಮಾರಿಗಳೂ ಬಂದರು, ಜಗಳವಾಡಿ ಕೂಟ ಬಿಟ್ಟವರೂ ಬಂದರು. ತೀರಿಕೊಂಡವರೇ ಫೋನು ಮಾಡಿ ಕರೆದಾಗ ಬರುವುದಿಲ್ಲ ಎನ್ನುವುದು ಹೇಗೆ? ಪಟ್ಟಿಗೆ ಎರಡು ಕುರ್ಚಿ ದಕ್ಕಿತು. "ಪಟ್ಟಿಯಲ್ಲಿ ಒಬ್ಬರು ತೀರಿಕೊಂಡರೆ ಕೆಳಗಿನವರು ಮೇಲೆ ಬರ್ತಾರೆ," ಎಂದು ಜಯಂತ ನಿಯಮ ಓದಿದರು. ಮೇಲೆ ಹೋದವರು ಗುರುಬಸಪ್ಪ, ಮೇಲೆ ಬಂದವನು ಶಫಿ. ಅವರ ಕುರ್ಚಿ ಅವನಿಗೆ, ಅವನದು ಅರುಂಧತಿಗೆ. ಚಪ್ಪಾಳೆಯೇನೋ ಬಿತ್ತು; ಅದನ್ನು ಕೇಳುತ್ತ ಅವನಿಗೆ ಹಿಂದೆ ಯಾರೋ ಎದ್ದು ನಿಂತು ಕೈಮುಗಿಯುತ್ತಿದ್ದಾರೆ ಅನಿಸಿತು. ತಿರುಗಿ ನೋಡಲಿಲ್ಲ.

ಇಷ್ಟೇ ಆಗಿದ್ದರೆ ಅವನು ಹೇಗೋ ನುಂಗಿಕೊಳ್ಳುತ್ತಿದ್ದ. ಗುರುಬಸಪ್ಪನವರ ಹೆಂಡತಿ ಅನ್ನಪೂರ್ಣವ್ವನನ್ನು ಕಂಡು ಬಂದ ನಿಗಾರ್ ಚಪ್ಪಲಿಯನ್ನೂ ಬಿಡದೆ ಹೇಳಿದಳು: "ಆಂಟಿ ಫೋನಿನ ಪಕ್ಕ ಬಿಟ್ಟು ಏಳ್ತಿಲ್ಲ. ಕ್ಯಾಲಬಾಸಸ್ ಗುಡಿಗೆ ಕರೆದ್ರೂ ಬರಲ್ಲ ಅಂತಾರೆ. ಯಾರಿಗೂ ಫೋನೂ ಮಾಡಲ್ಲ, ಲೈನ್ ಬಿಝಿ ಆಗ್ಬಿಡುತ್ತಂತೆ. ನೀವು ಹೋಗಿ ಹೇಳ್ತೀರೋ, ನಾನು ಹೇಳ್ಲೋ?"

ಮರುದಿನ ಬೆಳಿಗ್ಗೆ ಶಫಿ ಹೋದ. ಅನ್ನಪೂರ್ಣವ್ವ ಅಡುಗೆಮನೆಯ ಕುರ್ಚಿಯನ್ನು ಎಳೆತಂದು ಹಾಲ್‌ನ ಫೋನಿನ ಮುಂದೆ ಹಾಕಿಕೊಂಡಿದ್ದರು.

"ಬಾ ತಮ್ಮಾ. ಮೆತ್ತಗ ಮಾತಾಡು, ರಿಂಗ್ ಕೇಳಂಗಿಲ್ಲ." ಆಮೇಲೆ ಅವನ ಮುಖ ನೋಡಿ ಹೇಳಿದರು, "ಊರ ಮಂದಿಗೆಲ್ಲ ಮಾಡ್ಯಾರ. ಸುಳ್ಳಲ್ಲ ಅದು. ಅವರು ಹ್ವಾದ ಮ್ಯಾಲೆ ಹುಬ್ಬಳ್ಳಿಯಾಗಿನ ಅವರ ತಮ್ಮನ ನಂಬರು ಬೇಕಾಗಿತ್ತು, ಅದು ಅವರ ಫೋನಿನಾಗ. ಫೋನ್ ಎಲ್ಲಿ ಇಟ್ಟಾರಂತ ಹುಡುಕಾಕ ರಿಂಗ್ ಕೊಟ್ಟೆ. ಬಿಝಿ ಬಂತಪಾ! ಕಣ್ಣ ಮುಂದ ಮಲಗ್ಯಾರ, ಅವರ ಫೋನು ಬಿಝಿ. ಯಾರ ಕೂಡ ಮಾತಾಡಾಕತ್ತಿದ್ರು? ನನ್ನ ಮ್ಯಾಲೆ ಏನ್ ಸಿಟ್ಟಿತ್ತೋ, ನನಗೊಬ್ಬಾಕಿಗೆ ಮಾಡಲಿಲ್ಲ."

ಶಫಿ ಜೇಬಿನಿಂದ ಆ ಫೋನನ್ನು ತೆಗೆದು ಅವರ ಮಡಿಲಿಗಿಟ್ಟ. ಗಂಟಲು ಸರಿಮಾಡಿಕೊಂಡ. ತನ್ನದೇ ದನಿ ಯಾವುದೆಂದು ಹುಡುಕಬೇಕಾಯಿತು.

"ನಾನು ಆಂಟಿ. ಫೋನ್ ಮಾಡಿದ್ದು ನಾನು. ಅಂಕಲ್ಲೇ ಮಾಡು ಅಂದಿದ್ರು. ಅವರು ಹೋಗಿದ್ದು ಗೊತ್ತಿರ್ಲಿಲ್ಲ."

ಅನ್ನಪೂರ್ಣವ್ವ ಫೋನನ್ನು ತಿರುವಿ ತಿರುವಿ ನೋಡಿದರು. ಬೈಯುತ್ತಾರೆ ಎಂದು ಅವನು ಕಾದ. ಬೈದಿದ್ದರೆ ಚೆನ್ನಾಗಿತ್ತು.

"ಎಲ್ಲಾ ನೀನ?"

"ಎಲ್ಲಾ ನಾನೇ."

"ಹಂಗಾರ ಅವರು ಯಾರಿಗೂ ಮಾಡಿಲ್ಲ."

"ಇಲ್ಲ."

"ಯಾರಿಗೂ ಮಾಡಿಲ್ಲ," ಎಂದು ಅವರು ಇನ್ನೊಮ್ಮೆ ಹೇಳಿದರು. ಬಿಗಿಹಿಡಿದಿದ್ದ ಭುಜಗಳು ಇಳಿದವು. "ಸಿಟ್ಟಲ್ಲ ಹಂಗಾರ. ಸುಮ್ಮನ ಹ್ವಾದ್ರು."

"ಕುರ್ಚಿ ಬಿಡ್ತೀನಿ ಆಂಟಿ. ಎಲ್ಲರ ಮುಂದೆ ಹೇಳ್ತೀನಿ."

"ಹೇಳಿ? ಕಡೀಕ ಒಮ್ಮೆ ನಮ್ಮನ್ನ ನೆನಿಸಿದ್ರು ಅಂತ ಮಂದಿ ತಿಳಕೊಂಡಾರ. ಅದನ್ನೂ ಕಸ್ಕೋತಿಯೇನು? ಕುರ್ಚಿ ಅವರದು. ಹೋಗಿ ಕೂಡು. ಆದ್ರ ಆ ದನಿ ಇನ್ನ ಎತ್ತಬ್ಯಾಡ. ನನ್ನ ಮುಂದಂತೂ ಎತ್ತಬ್ಯಾಡ, ನಾ ತಡಿಯಂಗಿಲ್ಲ."

ಅವನು ಮೆಟ್ಟಿಲಿಳಿಯುವಾಗ ಒಳಗೆ ಅವರು ರಿಸೀವರ್ ಎತ್ತಿ ನಿಗಾರಳಿಗೆ ಫೋನು ಮಾಡುವುದು ಕೇಳಿಸಿತು. ಗುಡಿಗೆ ಯಾವಾಗ ಹೋಗೂದು ಎಂದು ಕೇಳುತ್ತಿದ್ದರು.

ಸಂಸತ್ತಿನ ಮೊದಲ ಸಭೆ ಲಾಸ್ ಏಂಜಲೀಸಿನಲ್ಲಿ ಸೇರಿತು. ಚಹಾದ ಹೊತ್ತಿನಲ್ಲಿ, ಸಭೆ ನೋಡಲು ಬಂದಿದ್ದ ಶ್ರೀಕರ್ ಅವನ ತೋಳು ಹಿಡಿದು, "ಶಫಿ, ಎಲ್ಲರ ದನೀನೂ ಮಾಡ್ತೀಯಲ್ಲ, ಅಂಕಲ್‌ದು ಬರುತ್ತೇನೋ? ಒಂದೇ ಒಂದ್ಸಲ. ಕೇಳ್ಬೇಕು ಅನಿಸ್ತಿದೆ ಕಣೋ," ಎಂದ. ಅವನ ಕಣ್ಣು ಒದ್ದೆಯಾಗಿತ್ತು.

"ಅದೊಂದು ಬರಲ್ಲ ಶ್ರೀಕರ್," ಎಂದ ಶಫಿ.

ಬಾರದ್ದೇನು, ಆಗಲೇ ಬಂದಾಗಿತ್ತು. ಗಂಟಲಿನ ಹೊಸ್ತಿಲಲ್ಲಿ ನಿಂತು, ನಾ ಇನ್ನೂ ಗಟ್ಟಿ ಅದೀನಿ ಅನ್ನುತ್ತಿತ್ತು. ಶಫಿ ಬಿಸಿ ಚಹಾವನ್ನು ಒಂದೇ ಗುಟುಕಿಗೆ ಅದರ ಮೇಲೆ ಸುರಿದುಕೊಂಡ.